ಒಳಗೆ ಹೋಗಲಾಗದ ರಿಯಾಕ್ಟರ್‌ನಲ್ಲಿ ಏನಾಗಿದೆ ಅಂತ ಹೇಗೆ ತಿಳಿಯುತ್ತದೆ?

ನಿಮ್ಮ ಪ್ರಶ್ನೆ ಇದು: ಅಣುಸ್ಥಾವರದಲ್ಲಿ ಅಪಘಾತವಾದರೆ ಯಾರೂ ಒಳಗೆ ಕಾಲಿಡಲು ಆಗುವುದಿಲ್ಲ. ಆದರೂ ‘ಇಂಧನ ಕರಗಿದೆ’, ‘ಈ ಊರಲ್ಲಿ ಇಷ್ಟು ವಿಕಿರಣ ಇದೆ’ ಅಂತ ಅಂಕಿ ಸಮೇತ ಹೇಳುತ್ತಾರೆ. ಅದು ಹೇಗೆ ಗೊತ್ತಾಗುತ್ತದೆ? ನಂಬಬಹುದಾ?

ನಾನು ಕೆಲವು ವರ್ಷ ವಿಕಿರಣ ಅಳೆಯುವ ಮೀಟರ್‌ಗಳನ್ನು ಪರೀಕ್ಷಿಸಿ ಸರಿಮಾಡಿ ಕೊಡುವ ಕೆಲಸದಲ್ಲಿದ್ದೆ. ಸ್ಥಾವರದ ಒಳಗೆ ದುಡಿದವನಲ್ಲ. ಹಾಗಾಗಿ ಮೀಟರ್ ಬಿಚ್ಚಿ ನೋಡಿದವನ ಉತ್ತರ ಇದು. ಒಂದೇ ಮೀಟರ್ ಹೇಳಿದ್ದನ್ನು ನಂಬಬೇಡಿ. ಬೇರೆ ಬೇರೆ ದಾರಿಯಿಂದ ಬಂದ ಎರಡು ಮೂರು ಅಳತೆಗಳು ಒಂದೇ ಮಾತು ಹೇಳಿದರೆ ನಂಬಿ.

2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ ದಾಯಿಚಿ ಅಣುಸ್ಥಾವರಕ್ಕೆ ಸುನಾಮಿ ನುಗ್ಗಿತು. 1 ಮತ್ತು 2ನೇ ರಿಯಾಕ್ಟರ್‌ಗಳಲ್ಲಿ ಜನರೇಟರ್ ಜೊತೆಗೆ ಬ್ಯಾಟರಿಗಳೂ ಹಾಳಾದವು. ಕಂಟ್ರೋಲ್ ರೂಮ್ ಕತ್ತಲಾಯಿತು. ಮೀಟರ್‌ಗಳೆಲ್ಲ ಸತ್ತವು. ಕೆಲಸಗಾರರು ಆವರಣದಲ್ಲಿ ನಿಂತಿದ್ದ ವಾಹನಗಳಿಂದ ಬ್ಯಾಟರಿ ಬಿಚ್ಚಿ ತಂದು, ಮೀಟರ್‌ಗಳಿಗೆ ವೈರ್ ಜೋಡಿಸಿ, ಟಾರ್ಚ್ ಬೆಳಕಿನಲ್ಲಿ ಮುಳ್ಳು ನೋಡಿದರು.

ಹಾಗೆ ಕಷ್ಟಪಟ್ಟು ಎಬ್ಬಿಸಿದ ಮೀಟರ್ ಏನು ಹೇಳಿತು ಗೊತ್ತಾ? ಸುಳ್ಳು. ಆ ರಾತ್ರಿ ಒಂಬತ್ತೂ ಕಾಲರ ಹೊತ್ತಿಗೆ, 1ನೇ ರಿಯಾಕ್ಟರ್‌ನ ನೀರು ಇಂಧನದ ತುದಿಗಿಂತ 20 ಸೆಂಟಿಮೀಟರ್ ಮೇಲಿದೆ ಅಂತ ತೋರಿಸಿತು. ನೀರು ಮೇಲಿದ್ದರೆ ಇಂಧನ ಮುಳುಗಿದೆ, ಅಂದರೆ ಸದ್ಯಕ್ಕೆ ಬಚಾವ್ ಅಂತ ಅರ್ಥ. ನಿಜದಲ್ಲಿ ಅಷ್ಟು ಹೊತ್ತಿಗೆ ಇಂಧನ ನೀರಿನಿಂದ ಹೊರಬಿದ್ದು ಕರಗತೊಡಗಿತ್ತು.

ಮೀಟರ್ ಕೆಟ್ಟಿರಲಿಲ್ಲ, ಅದೇ ಇಲ್ಲಿ ಸ್ವಾರಸ್ಯ. ಈ ಮೀಟರ್‌ಗೆ ಎರಡು ಕೊಳವೆ ಇರುತ್ತವೆ. ಒಂದರಲ್ಲಿ ಯಾವಾಗಲೂ ಭರ್ತಿ ನೀರು ಇರಬೇಕು, ಅದು ಹೋಲಿಕೆಗೆ. ಇನ್ನೊಂದು ರಿಯಾಕ್ಟರ್‌ನ ನೀರಿಗೆ ಜೋಡಿಸಿದ್ದು. ಎರಡರ ಒತ್ತಡದಲ್ಲಿ ವ್ಯತ್ಯಾಸ ಕಮ್ಮಿ ಇದ್ದಷ್ಟೂ ರಿಯಾಕ್ಟರ್‌ನಲ್ಲಿ ನೀರು ಜಾಸ್ತಿ ಇದೆ ಅಂತ ಲೆಕ್ಕ. ಸುತ್ತಲಿನ ಬಿಸಿಗೆ ಹೋಲಿಕೆಯ ಕೊಳವೆಯ ನೀರೇ ಕುದಿದು ಆವಿಯಾಗಿಬಿಟ್ಟಿತು. ವ್ಯತ್ಯಾಸ ಕಮ್ಮಿಯಾಯಿತು. ಮುಳ್ಳು ಮೇಲೇರಿತು. ತಕ್ಕಡಿಯಲ್ಲಿ ತೂಕದ ಕಲ್ಲೇ ಸವೆದುಹೋದ ಹಾಗೆ. ಮೇ ತಿಂಗಳಲ್ಲಿ ಆ ಮೀಟರನ್ನು ಸರಿಹೊಂದಿಸಿ ನೋಡಿದಾಗ ನೀರು ಇಂಧನದ ತುದಿಗಿಂತ 5 ಮೀಟರ್‌ಗೂ ಕೆಳಗಿತ್ತು. ಇಂಧನದ ಕಡ್ಡಿಗಳ ಉದ್ದವೇ ಸುಮಾರು 4 ಮೀಟರ್. ಅಂದರೆ ಅವು ಇರಬೇಕಾದ ಜಾಗದಲ್ಲಿ ನೀರೇ ಇರಲಿಲ್ಲ.

ಅದೇ ರಾತ್ರಿ ಹನ್ನೊಂದಕ್ಕೆ, ಪಕ್ಕದ ಟರ್ಬೈನ್ ಕಟ್ಟಡದಲ್ಲಿ, ರಿಯಾಕ್ಟರ್ ಕಡೆಯ ಬಾಗಿಲ ಹೊರಗೆ ವಿಕಿರಣ ಗಂಟೆಗೆ 1.2 ಮಿಲಿಸೀವರ್ಟ್ ಇತ್ತು (ಸೀವರ್ಟ್ ಅಂದರೆ ಮೈಗೆ ತಾಗುವ ವಿಕಿರಣದ ಯೂನಿಟ್, ಮಿಲಿ ಅಂದರೆ ಅದರ ಸಾವಿರದಲ್ಲೊಂದು ಪಾಲು). ಮುಚ್ಚಿದ ಬಾಗಿಲಿನ ಹೊರಗೆ! ಇಂಧನ ಹಾಳಾಗದೆ ಇದ್ದಿದ್ದರೆ ಅಷ್ಟು ಬರಲು ಸಾಧ್ಯವೇ ಇಲ್ಲ. ನೀರಿನ ಮೀಟರ್ ಒಂದು ಹೇಳಿತು, ಬಾಗಿಲು ಇನ್ನೊಂದು ಹೇಳಿತು. ಬಾಗಿಲು ಹೇಳಿದ್ದೇ ನಿಜ.

ಇದು ಹೊಸದೇನಲ್ಲ. 1979ರಲ್ಲಿ ಅಮೆರಿಕದ ಥ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ, ಇಂಧನದ ಮೇಲಿನ ತಾಪ ಮಿತಿ ದಾಟಿದಾಗ ಕಂಪ್ಯೂಟರ್ ಅಂಕಿಯ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳನ್ನು ಅಚ್ಚು ಹಾಕಿತು. ಅಲ್ಲಿ ಅರ್ಧದಷ್ಟು ಇಂಧನ ಕರಗಿದ್ದು ಖಾತ್ರಿಯಾಗಲು ಹಲವು ವರ್ಷ ಹಿಡಿಯಿತು. 1982ರಲ್ಲಿ ಕ್ಯಾಮೆರಾ ಇಳಿಸಿದಾಗ ಮೇಲ್ಭಾಗದಲ್ಲಿ ಕಂಡದ್ದು ಖಾಲಿ ಜಾಗ, ಅದರ ಕೆಳಗೆ ಕಲ್ಲುಪುಡಿಯಂಥ ರಾಶಿ. 1986ರಲ್ಲಿ ಚೆರ್ನೋಬಿಲ್‌ನಲ್ಲಿ ಕೈಗೆ ಸಿಕ್ಕ ಮೀಟರ್‌ಗಳ ಗರಿಷ್ಠ ಮಿತಿ ಗಂಟೆಗೆ 3.6 ರಾಂಟ್‌ಜನ್ (ವಿಕಿರಣದ ಹಳೆಯ ಯೂನಿಟ್). ಮುಳ್ಳು ಅಲ್ಲಿಗೆ ಹೋಗಿ ನಿಂತಿತು. ನಿಂತ ಮುಳ್ಳನ್ನೇ ಅಳತೆ ಅಂದುಕೊಂಡು ಮೇಲಿನವರಿಗೆ ವರದಿ ಹೋಯಿತು.

ನನಗೂ ಒಂದು ಪಾಠ ಆಗಿತ್ತು. ಕೆಲಸಕ್ಕೆ ಸೇರಿದ ಹೊಸತು. ಹಳೆಯ ಗೈಗರ್ ಮೀಟರೊಂದನ್ನು ಬಲವಾದ ವಿಕಿರಣ ಮೂಲದ ಕಡೆಗೆ ಹಂತಹಂತವಾಗಿ ಸರಿಸುತ್ತಾ ಇದ್ದೆ. ಮುಳ್ಳು ಏರಿತು, ಏರಿತು, ಆಮೇಲೆ ಸುಮ್ನೆ ಸೊನ್ನೆಗೆ ಬಂತು. ಮೂಲ ಮುಚ್ಚಿಕೊಂಡಿರಬೇಕು ಅಂತ ಬಾಗಿಲಿನ ಕಡೆ ಹೊರಟೆ. ಹಿರಿಯರೊಬ್ಬರು ಭುಜ ಹಿಡಿದು ನಿಲ್ಲಿಸಿ, ಇನ್ನೊಂದು ಮೀಟರ್ ತೋರಿಸಿದರು. ಗೈಗರ್ ಕೊಳವೆಗೆ ಒಂದು ಕಣವನ್ನು ಎಣಿಸಿದ ಮೇಲೆ ಉಸಿರು ತೆಗೆದುಕೊಳ್ಳಲು ಕೊಂಚ ಸಮಯ ಬೇಕು. ಕಣಗಳು ವಿಪರೀತ ಬಂದರೆ ಅದು ಎಣಿಸುವುದನ್ನೇ ಬಿಟ್ಟುಬಿಡುತ್ತದೆ. ಅಂದಿನಿಂದ ಸೊನ್ನೆ ಕಂಡರೆ ನನಗೆ ಭಯ.

ಹಾಗಾದರೆ ಒಳಗಿನದು ಗೊತ್ತಾಗುವುದು ಹೇಗೆ? ಹೊರಗೆ ಬಂದದ್ದನ್ನು ನೋಡಿ. ವಿದಳನದಿಂದ, ಅಂದರೆ ಅಣು ಒಡೆಯುವುದರಿಂದ, ಹುಟ್ಟುವ ಪ್ರತಿ ವಿಕಿರಣಶೀಲ ಧಾತುವಿಗೂ ತನ್ನದೇ ಆಯಸ್ಸು ಇದೆ. ಅಯೋಡಿನ್-131 ಎಂಟು ದಿನಕ್ಕೆ ಅರ್ಧವಾಗುತ್ತದೆ. ಜೆನಾನ್-135 ಒಂಬತ್ತೇ ಗಂಟೆಗೆ. ಸೀಸಿಯಂ-137ಕ್ಕೆ 30 ವರ್ಷ ಬೇಕು. ಗಾಳಿ, ನೀರು, ಮಣ್ಣಿನ ಮಾದರಿಯನ್ನು ಜರ್ಮೇನಿಯಂ ಡಿಟೆಕ್ಟರ್ (ಕಿರಣಗಳ ಶಕ್ತಿ ನೋಡಿ ಧಾತುವನ್ನು ಗುರುತಿಸುವ ಸಾಧನ) ಮುಂದೆ ಇಟ್ಟರೆ ಯಾವುದು ಎಷ್ಟಿದೆ ಅಂತ ಬೇರೆ ಬೇರೆಯಾಗಿ ಕಾಣುತ್ತದೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ 2011ರ ನವೆಂಬರ್‌ನದು. ಫುಕುಶಿಮಾದ 2ನೇ ರಿಯಾಕ್ಟರ್‌ನಿಂದ ತೆಗೆದ ಅನಿಲದಲ್ಲಿ ಜೆನಾನ್-135ರ ಸುಳಿವು ಸಿಕ್ಕಿತು. ಮಾರ್ಚ್‌ನದು ಯಾವಾಗಲೋ ಮುಗಿದುಹೋಗಿರಬೇಕು. ಹಾಗಿದ್ದರೆ ಒಳಗೆ ಮತ್ತೆ ಸರಣಿ ಕ್ರಿಯೆ ಶುರುವಾಯಿತೇ? ಅದನ್ನು ತಡೆಯಲು ತಕ್ಷಣ ಬೋರಿಕ್ ಆಮ್ಲ ಬೆರೆಸಿದ ನೀರು ಸುರಿದರು. ನಂತರ ತಾಪ ನೋಡಿದರು, ಬದಲಾಗಿಲ್ಲ. ಒತ್ತಡವೂ ಹಾಗೇ ಇತ್ತು. ಆಮ್ಲ ಹಾಕಿದ ಮೇಲೂ ಜೆನಾನ್ ಬರುತ್ತಲೇ ಇತ್ತು, ಅದೂ ತೀರಾ ಸ್ವಲ್ಪ. ಇಂಧನದಲ್ಲಿರುವ ಕ್ಯೂರಿಯಂ ಎಂಬ ಧಾತು ತನ್ನಷ್ಟಕ್ಕೆ ಒಡೆಯುತ್ತಿರುತ್ತದೆ, ಅದರಿಂದ ಬಂದದ್ದು ಇದು ಅಂತ ತೀರ್ಮಾನವಾಯಿತು. ಜೆನಾನ್ ಒಂದನ್ನೇ ನಂಬಿದ್ದರೆ ಸುದ್ದಿಯೇ ಬೇರೆ ಆಗುತ್ತಿತ್ತು, ಅಲ್ವಾ?

ಇನ್ನು ಹೊರಗಿನ ಅಳತೆ. ಸ್ಥಾವರದ ಸುತ್ತ ಅಳತೆ ಕಂಬಗಳು ಇರುತ್ತವೆ. ಫುಕುಶಿಮಾದಲ್ಲಿ ಭೂಕಂಪ, ಸುನಾಮಿ, ಕರೆಂಟ್ ಹೋದದ್ದು, ಎಲ್ಲ ಸೇರಿ ಬಹುಪಾಲು ಕಂಬಗಳು ಕೆಲಸ ನಿಲ್ಲಿಸಿದವು. ಗಾಳಿ ಯಾವ ಕಡೆ ಹೊತ್ತೊಯ್ಯುತ್ತದೆ ಅಂತ ಲೆಕ್ಕ ಹಾಕುವ ಸ್ಪೀಡಿ ಎಂಬ ಕಂಪ್ಯೂಟರ್ ವ್ಯವಸ್ಥೆ ಜಪಾನಿನಲ್ಲಿತ್ತು. ಎಷ್ಟು ಸೋರುತ್ತಿದೆ ಅನ್ನುವ ಅಂಕಿಯೇ ಸಿಗದ ಕಾರಣ, ಒಂದು ಪ್ರಮಾಣವನ್ನು ಊಹಿಸಿಕೊಂಡು ದಿಕ್ಕನ್ನು ಮಾತ್ರ ಲೆಕ್ಕ ಹಾಕಿದರು. ನನ್ನ ಪ್ರಕಾರ ಆ ದಿಕ್ಕೇ ಸಾಕಿತ್ತು. ಆದರೆ ಜನರಿಗೆ ಅದನ್ನು ಮೊದಲು ತೋರಿಸಿದ್ದು ಮಾರ್ಚ್ 23ಕ್ಕೆ.

ಅಷ್ಟರೊಳಗೆ ಮಾರ್ಚ್ 15ರಂದು ಗಾಳಿ ವಾಯವ್ಯಕ್ಕೆ ತಿರುಗಿತ್ತು. ಜೊತೆಗೆ ಮಳೆ, ಹಿಮ. ಗಾಳಿಯಲ್ಲಿ ತೇಲಿಹೋಗಬೇಕಿದ್ದ ಸೀಸಿಯಂ ನೆಲಕ್ಕೆ ಇಳಿಯಿತು. ತೆರವು ಆದೇಶ ಇದ್ದದ್ದು 20 ಕಿಲೋಮೀಟರ್ ವೃತ್ತಕ್ಕೆ. ಸುಮಾರು 40 ಕಿಲೋಮೀಟರ್ ದೂರದ ಈತಾತೆ ಹಳ್ಳಿ ಅದರ ಹೊರಗಿತ್ತು. ಅಮೆರಿಕದ ಇಂಧನ ಇಲಾಖೆಯ ವಿಮಾನಗಳು ಮೇಲಿಂದ ಅಳೆದು ನಕ್ಷೆ ಮಾಡಿದಾಗ ವಾಯವ್ಯಕ್ಕೆ ಚಾಚಿದ ನಾಲಿಗೆಯಂಥ ಪಟ್ಟೆ ಕಂಡಿತು. ಈತಾತೆಯನ್ನು ತೆರವಿನ ಪಟ್ಟಿಗೆ ಸೇರಿಸಿದ್ದು ಏಪ್ರಿಲ್ 22ಕ್ಕೆ. ವಿಕಿರಣ ಕೈವಾರ ಹಿಡಿದು ಹರಡುವುದಿಲ್ಲ.

ಮಣ್ಣಿನಲ್ಲಿ ಸಿಕ್ಕ ಸೀಸಿಯಂ ಎಲ್ಲಿಯದು ಅಂತಲೂ ಹೇಳಬಹುದು. ಸೀಸಿಯಂನ ಇನ್ನೊಂದು ರೂಪವಾದ ಸೀಸಿಯಂ-134 ರಿಯಾಕ್ಟರ್ ಒಳಗೆ ನಿಧಾನಕ್ಕೆ ಕೂಡಿಬರುವಂಥದ್ದು. ಹೊರಬಿದ್ದ ಸಮಯಕ್ಕೆ ಫುಕುಶಿಮಾದಲ್ಲಿ ಅದೂ ಸೀಸಿಯಂ-137 ಕೂಡ ಹೆಚ್ಚುಕಮ್ಮಿ ಸಮ ಇದ್ದವು. ಚೆರ್ನೋಬಿಲ್‌ನಲ್ಲಿ 134 ಸುಮಾರು ಅರ್ಧದಷ್ಟಿತ್ತು. ಹಳೆಯ ಬಾಂಬ್ ಪರೀಕ್ಷೆಗಳ ಧೂಳಿನಲ್ಲಿ 137 ಮಾತ್ರ ಸಿಗುತ್ತದೆ.

ನೀವೇ ಅಂಕಿ ಓದುವಾಗ ಯೂನಿಟ್ ಮೊದಲು ನೋಡಿ. ಗಂಟೆಗೆ ಮೈಕ್ರೋಸೀವರ್ಟ್ ಅಂದರೆ ಆ ಜಾಗದಲ್ಲಿ ನಿಂತರೆ ಮೈಗೆ ತಾಗುವುದು. ಕೆಜಿಗೆ ಬೆಕೆರೆಲ್ ಅಂದರೆ ಮಣ್ಣು ಅಥವಾ ಆಹಾರದಲ್ಲಿ ಇರುವುದು. ಎರಡನ್ನೂ ಕಲಸಿ ಹೆದರುವವರು, ಹೆದರಿಸುವವರು ಬೇಕಾದಷ್ಟಿದ್ದಾರೆ. ಎಷ್ಟು ಎತ್ತರದಲ್ಲಿ ಅಳೆದರು ಅನ್ನುವುದೂ ಮುಖ್ಯ. ಸಾಮಾನ್ಯವಾಗಿ ನೆಲದಿಂದ ಒಂದು ಮೀಟರ್. ಚರಂಡಿಗೆ ಮೀಟರ್ ತಾಗಿಸಿ ತೆಗೆದ ಫೋಟೋ ಇಡೀ ಬೀದಿಯ ಲೆಕ್ಕವಲ್ಲ.

ವರ್ಷಗಳ ನಂತರದ ಹುಡುಕಾಟಕ್ಕೆ ಬೇರೆ ಉಪಾಯಗಳಿವೆ. 2015ರಲ್ಲಿ ಫುಕುಶಿಮಾದ 1ನೇ ರಿಯಾಕ್ಟರ್‌ಗೆ ಎಕ್ಸ್‌ರೇ ತೆಗೆದ ಹಾಗೆ ಮ್ಯುವಾನ್ ಕಣಗಳಿಂದ ಚಿತ್ರ ತೆಗೆದರು. ಇವು ಆಕಾಶದಿಂದ ಸದಾ ಸುರಿಯುವ ಕಣಗಳು, ಚದರ ಮೀಟರ್‌ಗೆ ನಿಮಿಷಕ್ಕೆ ಸುಮಾರು 10,000. ದಟ್ಟವಾದ ಯುರೇನಿಯಂ ಇದ್ದ ಕಡೆ ಕಮ್ಮಿ ಹಾಯುತ್ತವೆ. ಇಂಧನ ಇರಬೇಕಾದ ಜಾಗದಲ್ಲಿ ನೆರಳೇ ಕಾಣಲಿಲ್ಲ. 2011ರಲ್ಲಿ ಬಾಗಿಲು ಹೇಳಿದ್ದಕ್ಕೆ ಇದು ಹೊಂದುತ್ತದೆ. 2017ರ ಆರಂಭದಲ್ಲಿ 2ನೇ ರಿಯಾಕ್ಟರ್ ಒಳಗೆ ಕ್ಯಾಮೆರಾ ಹೋದಾಗ, ವಿಕಿರಣದಿಂದ ಚಿತ್ರದಲ್ಲಿ ಬಿದ್ದ ಚುಕ್ಕೆಗಳನ್ನು ನೋಡಿ ಗಂಟೆಗೆ 530 ಸೀವರ್ಟ್ ಅಂತ ಅಂದಾಜು ಮಾಡಿದರು. ಪ್ರಪಂಚದಲ್ಲೆಲ್ಲ ಸುದ್ದಿಯಾಯಿತು. ಲೆಕ್ಕ ತಪ್ಪಿತ್ತು ಅಂತ ಅದೇ ವರ್ಷ ಅಂಕಿಯನ್ನು ತುಂಬಾ ಕೆಳಗಿಳಿಸಿದ್ದು ಮಾತ್ರ ಅಷ್ಟು ಸುದ್ದಿಯಾಗಲಿಲ್ಲ.

ಫುಕುಶಿಮಾದಲ್ಲಿ ಕರಗಿ ಗಟ್ಟಿಯಾದ ಇಂಧನದ ಚೂರನ್ನು ಮೊದಲ ಸಲ ಹೊರಗೆ ತಂದದ್ದು 2024ರ ನವೆಂಬರ್‌ನಲ್ಲಿ. ಇಂಧನ ಕರಗಿದ ಮೂರು ರಿಯಾಕ್ಟರ್‌ಗಳಲ್ಲಿ ಒಟ್ಟು ಸುಮಾರು 880 ಟನ್ ಇದೆ ಅಂತ ಅಂದಾಜು. ಆ ಸಲ ತಂದದ್ದು 0.7 ಗ್ರಾಂ.