ಗಟ್ಟಿ ಬೀಜ ಒಡೆದು ಒಡೆದು ಹಕ್ಕಿಯ ಕೊಕ್ಕು ದಪ್ಪವಾಗುತ್ತದೆಯೇ?

ಇಲ್ಲ. ಗ್ಯಾಲಪಗೋಸ್ ದ್ವೀಪಗಳ ಫಿಂಚ್ ಎಂಬ ಪುಟ್ಟ ಹಕ್ಕಿಗಳು ಗಟ್ಟಿ ಬೀಜ ತಿಂದು ತಿಂದೇ ಕೊಕ್ಕು ಬಲಿಸಿಕೊಂಡವೇ ಎಂದು ಕೇಳಿದ್ದೀರಿ. ಬೆಳೆದ ಹಕ್ಕಿ ಎಷ್ಟೇ ಬೀಜ ಒಡೆದರೂ ಅದರಿಂದ ಮರಿಗಳ ಕೊಕ್ಕು ದಪ್ಪವಾಗುವುದಿಲ್ಲ. ಯಾವ ಕೊಕ್ಕಿನವು ಬದುಕಿ ಮರಿ ಮಾಡುತ್ತವೆ ಎಂಬುದರಲ್ಲಿ ಎಲ್ಲವೂ ಇದೆ.

ವಿಜಯಪುರದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಈ ಪಾಠ ಮಾಡುವಾಗ ನಾನು ನೆಗ್ಗಿಲ ಮುಳ್ಳನ್ನು ಕೈಗೆ ಕೊಡುತ್ತೇನೆ. ಹೊಲದ ಬದುವಿನಲ್ಲಿ ಹರಡಿ, ಸೈಕಲ್ ಟೈರಿಗೆ ಚುಚ್ಚುವ ಅದೇ ಮುಳ್ಳು. ಒಣಗಿದ ಕಾಯಿ ಐದು ಹೋಳಾಗುತ್ತದೆ. ಹೋಳಿಗೆಲ್ಲ ಚೂಪು ಮುಳ್ಳು, ಕಟ್ಟಿಗೆಯಂಥ ಸಿಪ್ಪೆ, ಬೀಜ ಅದರೊಳಗೆ. ಉಗುರಿಗಂತೂ ಬಗ್ಗುವುದಿಲ್ಲ. ಈಕ್ವೆಡಾರ್‌ನಿಂದ ಸುಮಾರು 1,000 ಕಿ.ಮೀ. ಪಶ್ಚಿಮಕ್ಕಿರುವ ಗ್ಯಾಲಪಗೋಸ್ ದ್ವೀಪಗಳಲ್ಲಿ ಇದರ ಹತ್ತಿರದ ಸಂಬಂಧಿ ಗಿಡವೊಂದು ಬೆಳೆಯುತ್ತದೆ.

ಅಲ್ಲಿನ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ಫಿಂಚ್ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ, ಕೊಕ್ಕು ಅಳೆದು, ಒಂದೊಂದರ ಲೆಕ್ಕವನ್ನೂ ಇಟ್ಟರು. ಅವರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ. 1977ರಲ್ಲಿ ಮಳೆ ಕೈಕೊಟ್ಟಿತು. ಸಣ್ಣ, ಮೆತ್ತನೆಯ ಬೀಜಗಳು ಮೊದಲು ಖಾಲಿಯಾದವು. ಉಳಿದದ್ದು ಹೆಚ್ಚಾಗಿ ನೆಗ್ಗಿಲಿನಂಥ ಗಟ್ಟಿ ಬೀಜ. ಮಧ್ಯಮ ಗಾತ್ರದ ನೆಲಫಿಂಚ್‌ಗಳಲ್ಲಿ ಶೇ 80ಕ್ಕೂ ಹೆಚ್ಚು ಇಲ್ಲವಾದವು. ಬದುಕಿದವುಗಳ ಕೊಕ್ಕು ಬರಕ್ಕೆ ಮುಂಚಿನ ಸರಾಸರಿಗಿಂತ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚು ದಪ್ಪ, ಅಷ್ಟೇ! ಕೊಕ್ಕಿನ ದಪ್ಪ ತಂದೆತಾಯಿಯಿಂದ ಬರುವುದರಿಂದ ಮುಂದಿನ ಪೀಳಿಗೆಯೂ ದಪ್ಪ ಕೊಕ್ಕಿನದಾಯಿತು.

ಆದರೆ ದಪ್ಪ ಕೊಕ್ಕೇ ಮೇಲು ಎಂದುಕೊಳ್ಳಬೇಡಿ. 1983ರಲ್ಲಿ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯೇರಿದ್ದು, ತಂದ ಭಾರಿ ಮಳೆಗೆ ಸಣ್ಣ ಬೀಜಗಳು ರಾಶಿರಾಶಿಯಾದವು. ಆಮೇಲಿನ ವರ್ಷಗಳಲ್ಲಿ ಸಣ್ಣ ಕೊಕ್ಕಿನವೇ ಹೆಚ್ಚು ಉಳಿದವು. ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು 2004ರ ಸುಮಾರಿನ ಬರ. ಅಷ್ಟರಲ್ಲಿ ಅಲ್ಲಿಗೆ ಬಂದು ನೆಲೆಸಿದ್ದ ದೊಡ್ಡ ನೆಲಫಿಂಚ್ ಗಟ್ಟಿ ಬೀಜಗಳನ್ನು ಬರಿದು ಮಾಡಿತ್ತು. ಹಾಗಾಗಿ ಈ ಬರದಲ್ಲಿ ಮಧ್ಯಮ ಫಿಂಚ್‌ಗಳ ಪೈಕಿ ದಪ್ಪ ಕೊಕ್ಕಿನವೇ ಹೆಚ್ಚು ಸತ್ತವು.

ದ್ವೀಪದಿಂದ ದ್ವೀಪಕ್ಕೆ ಕೊಕ್ಕು ಬೇರೆಯಾಗುವುದಕ್ಕೂ ಇದೇ ಕಾರಣ. ಬೆಳೆಯುವ ಗಿಡ ಬೇರೆ, ಬೀಳುವ ಮಳೆ ಬೇರೆ, ತಿನ್ನಲು ಪೈಪೋಟಿಗೆ ನಿಲ್ಲುವ ಹಕ್ಕಿ ಬೇರೆ. ಅದೇ ದ್ವೀಪಸಮೂಹದ ಸಾಂತಾ ಕ್ರೂಸ್ ದ್ವೀಪದಲ್ಲಿ ಸಣ್ಣ ಬೀಜ ತಿನ್ನುವ ಸಣ್ಣ ನೆಲಫಿಂಚ್ ಜೊತೆಗಿದೆ, ಹಾಗಾಗಿ ಅಲ್ಲಿ ಮಧ್ಯಮ ಫಿಂಚ್‌ನ ಕೊಕ್ಕು ದಪ್ಪ. ಡಾಫ್ನೆಯಲ್ಲಿ ಸಣ್ಣದರ ಕಾಟ ಇಲ್ಲವೆನ್ನುವಷ್ಟು ಕಡಿಮೆ, ಅಲ್ಲಿ ಅದೇ ಜಾತಿಯ ಕೊಕ್ಕು ಕಿರಿದು.