ಕೀಲುಗಳ ಪಟ್ಟಿ ಬೇಡ, ಜಿಗಿತವನ್ನೇ ಬರೆಯಿರಿ

ನಮಸ್ಕಾರ,

ನಿಂತಲ್ಲಿಂದ ಮೇಲಕ್ಕೆ ಜಿಗಿಯುವಾಗ ಕಾಲಿನ ಕೀಲುಗಳು ಏನು ಮಾಡುತ್ತವೆ ಎಂಬ ನಿಮ್ಮ ಲೇಖನ ಓದಿದೆ. ಈಗಿರುವಂತೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡುವ ಲೇಖನವೂ ಇದಲ್ಲ. ಮೂರನೇ ಪುಟದಲ್ಲಿ ಒಂದು ಸಾಲು ಬರೆದಿದ್ದೀರಿ: "ಮೀನಖಂಡದ ದೊಡ್ಡ ಸ್ನಾಯು ಮಂಡಿಯನ್ನೂ ಪಾದದ ಕೀಲನ್ನೂ ದಾಟಿ ಹೋಗುತ್ತದೆ." ಇಡೀ ಲೇಖನದ ಜೀವ ಆ ಸಾಲಿನಲ್ಲಿದೆ. ನೀವು ಅದನ್ನು ಹೇಳಿ ಮುಂದಕ್ಕೆ ಹೋಗಿಬಿಟ್ಟಿದ್ದೀರಿ.

ಮುಖ್ಯ ತೊಂದರೆ ಜೋಡಣೆಯದು. ಮೊದಲು ಸೊಂಟದ ಕೀಲು, ಆಮೇಲೆ ಮಂಡಿ, ಆಮೇಲೆ ಪಾದದ ಕೀಲು. ಪ್ರತಿಯೊಂದಕ್ಕೂ ಸ್ನಾಯುಗಳ ಹೆಸರು, ಎಷ್ಟು ಡಿಗ್ರಿ ಬಾಗುತ್ತದೆ ಎಂಬ ಲೆಕ್ಕ. ಮೂರೂ ಸೇರಿ ಕೆಲಸ ಮಾಡುವ ಗಳಿಗೆ ಮಾತ್ರ ಎಲ್ಲೂ ಬರುವುದಿಲ್ಲ. ಕೆಳಗಿನಿಂದ ಮೇಲಕ್ಕೆ ತಳ್ಳುವ ಭಾಗಕ್ಕೆ ಹಿಡಿಯುವುದು ಹೆಚ್ಚುಕಡಿಮೆ 0.3 ಸೆಕೆಂಡು. ಅಷ್ಟರಲ್ಲೇ ಒಂದು ಕ್ರಮ ಇದೆ. ಮೊದಲು ಸೊಂಟ ಬಿಚ್ಚಿಕೊಳ್ಳುತ್ತದೆ, ಅದರ ಹಿಂದೆ ಮಂಡಿ, ಕೊನೆಗೆ ಪಾದದ ಕೀಲು. ನಿಮ್ಮ ಲೇಖನವೂ ಇದೇ ಕ್ರಮದಲ್ಲಿ ಸಾಗಲಿ. ಕೀಲಿನಿಂದ ಕೀಲಿಗೆ ಕೆಲಸ ಹೇಗೆ ದಾಟುತ್ತದೆ ಎಂಬುದೇ ಕಥೆ.

ಈ ಕ್ರಮ ಯಾಕೆ ಎಂದು ಓದುಗರು ಕೇಳೇ ಕೇಳುತ್ತಾರೆ. ಉತ್ತರ ಮಂಡಿಯ ಕೋನದಲ್ಲಿದೆ. ಮಂಡಿ ಚೆನ್ನಾಗಿ ಬಾಗಿದ್ದಾಗ ಹತ್ತು ಡಿಗ್ರಿ ಬಿಚ್ಚಿದರೆ ಸೊಂಟ ಎದ್ದು ಕಾಣುವಷ್ಟು ಮೇಲೇರುತ್ತದೆ. ಕಾಲು ನೆಟ್ಟಗಾಗುತ್ತಾ ಬಂದಾಗ ಅದೇ ಹತ್ತು ಡಿಗ್ರಿಗೆ ಸಿಗುವ ಏರಿಕೆ ತೀರಾ ಕಡಿಮೆ. ಪೂರ್ತಿ ನೆಟ್ಟಗಾದ ಕ್ಷಣದಲ್ಲಿ ಮಂಡಿ ಎಷ್ಟೇ ಜೋರಾಗಿ ತಿರುಗುತ್ತಿದ್ದರೂ ಅದರಿಂದ ಮೇಲ್ಮುಖ ವೇಗ ಬರುವುದೇ ಇಲ್ಲ. ಸಾಲದ್ದಕ್ಕೆ ಆ ವೇಗದಲ್ಲಿ ಹಿಂದಕ್ಕೆ ಹೊಡೆದರೆ ಮಂಡಿಗೇ ಪೆಟ್ಟು. ಹಾಗಾಗಿ ಕೊನೆಯಲ್ಲಿ ಮಂಡಿಯ ತಿರುಗುವಿಕೆಯನ್ನು ತಡೆಯಲೇಬೇಕು. ಕಾಲಿಗೆ ಪಾದದ ಕೀಲು ಇಲ್ಲದಿದ್ದರೆ ಮಂಡಿ ಬಿಚ್ಚಿ ಮುಗಿಯುವ ಮೊದಲೇ ದೇಹ ನೆಲ ಬಿಟ್ಟಿರುತ್ತಿತ್ತು. ತೊಡೆಯ ದೊಡ್ಡ ಸ್ನಾಯುಗಳ ಉಳಿದ ಕೆಲಸ ವ್ಯರ್ಥವಾಗುತ್ತಿತ್ತು.

ಇಲ್ಲಿ ನಿಮ್ಮ ಆ ಸಾಲು ಬರಬೇಕು. ಮೀನಖಂಡದ ಆ ದೊಡ್ಡ ಸ್ನಾಯು, ಗ್ಯಾಸ್ಟ್ರಾಕ್ನೀಮಿಯಸ್, ಮಂಡಿಯ ಮೇಲೆ, ತೊಡೆಮೂಳೆಯ ಹಿಂಭಾಗದಲ್ಲಿ ಶುರುವಾಗುತ್ತದೆ. ಅಕಿಲಿಸ್ ಸ್ನಾಯುರಜ್ಜುವಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿ) ಮೂಲಕ ಹಿಮ್ಮಡಿಗೆ ಸೇರುತ್ತದೆ. ಮಂಡಿ ನೆಟ್ಟಗಾಗುವಾಗ ಅದರ ಮೇಲಿನ ತುದಿ ಮೇಲಕ್ಕೆ ಎಳೆಯಲ್ಪಡುತ್ತದೆ. ಸ್ನಾಯು ಬಿಗಿಯಾಗಿ ಹಿಡಿದಿದ್ದರೆ ಸಾಕು, ತಾನು ಹೆಚ್ಚು ಕುಗ್ಗದೆಯೇ ಹಿಮ್ಮಡಿಯನ್ನು ಮೇಲೆತ್ತುತ್ತದೆ. ಮಂಡಿಯನ್ನು ತಡೆಯುವ ಕೆಲಸವೂ ಆಯಿತು, ತೊಡೆಯ ಶಕ್ತಿ ಪಾದಕ್ಕೆ ದಾಟಿದಂತೆಯೂ ಆಯಿತು. 1980ರ ದಶಕದಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರಾದ ಖೆರಿಟ್ ಯಾನ್ ಫಾನ್ ಇಂಗೆನ್ ಸ್ಖೆನೌ ಮತ್ತು ಮಾರ್ಟನ್ ಬಾಬರ್ಟ್ ಇದನ್ನು ಬಿಡಿಸಿ ತೋರಿಸಿದರು. ಪಾದದ ಕೀಲಿನಲ್ಲಿ ಕಾಣುವ ಶಕ್ತಿಯೆಲ್ಲ ಮೀನಖಂಡದ್ದೇ ಅಲ್ಲ ಎಂಬ ಮಾತು ಎಷ್ಟು ಸೊಗಸು, ಅಲ್ವಾ? ಇದಕ್ಕೆ ಒಂದು ಪೂರ್ತಿ ಪುಟ ಕೊಡಿ. ಎರಡು ಕೀಲು ದಾಟುವ ಸ್ನಾಯುಗಳು ತೊಡೆಯ ಮುಂದೆಯೂ ಹಿಂದೆಯೂ ಇವೆ, ಅವುಗಳಿಗೆ ಒಂದೆರಡು ಸಾಲು ಸಾಕು.

ಇನ್ನು ತಪ್ಪುಗಳ ವಿಷಯ. "ಮಂಡಿ ಬಗ್ಗಿಸಿದಾಗ ಕಾಲು ಸ್ಪ್ರಿಂಗಿನ ಹಾಗೆ ಶಕ್ತಿ ತುಂಬಿಕೊಳ್ಳುತ್ತದೆ, ಅದಕ್ಕೇ ಬಗ್ಗಿ ಜಿಗಿದರೆ ಎತ್ತರ ಜಾಸ್ತಿ" ಎಂದಿದ್ದೀರಿ. ಸ್ನಾಯುರಜ್ಜು ಹಿಗ್ಗಿ ಶಕ್ತಿ ಹಿಂದಿರುಗಿಸುವುದು ನಿಜ. ಆದರೆ ಕುಕ್ಕರಿಸಿದ ಭಂಗಿಯಲ್ಲಿ ಸ್ವಲ್ಪ ಹೊತ್ತು ನಿಂತು ಜಿಗಿಯುವುದಕ್ಕೂ ಸರ್ರನೆ ಬಗ್ಗಿ ಎದ್ದು ಜಿಗಿಯುವುದಕ್ಕೂ ಇರುವ ಕೆಲವು ಸೆಂಟಿಮೀಟರ್ ವ್ಯತ್ಯಾಸಕ್ಕೆ ಮುಖ್ಯ ಕಾರಣ ಸಮಯ. ಸ್ನಾಯುವಿನಲ್ಲಿ ಬಲ ಒಮ್ಮೆಲೇ ಹುಟ್ಟುವುದಿಲ್ಲ, ಏರಲು ಸ್ವಲ್ಪ ಹೊತ್ತು ಬೇಕು. ಬಗ್ಗಿ ಎದ್ದಾಗ, ಕೆಳಗಿಳಿಯುವ ದೇಹವನ್ನು ತಡೆಯಲು ಸ್ನಾಯುಗಳು ಆಗಲೇ ಬಿಗಿದಿರುತ್ತವೆ. ಮೇಲೇಳುವ ಮೊದಲ ಅಂಗುಲದಿಂದಲೇ ಬಲ ಸಿಗುತ್ತದೆ. ಕುಕ್ಕರಿಸಿ ನಿಂತ ಭಂಗಿಯಿಂದ ಜಿಗಿದರೆ ಬಲ ಏರುವಷ್ಟರಲ್ಲಿ ದಾರಿಯ ಒಂದು ಭಾಗ ಮುಗಿದಿರುತ್ತದೆ. ಬಾಬರ್ಟ್ ಮತ್ತು ಜೊತೆಗಾರರು 1996ರಲ್ಲಿ ಬರೆದದ್ದು ಇದನ್ನೇ. ಓದುಗರು ಎರಡೂ ರೀತಿ ಜಿಗಿದು ನೋಡಲಿ ಎಂದು ಬರೆಯಿರಿ. ದೇಹದಲ್ಲೇ ಗೊತ್ತಾಗುತ್ತದೆ.

"ಗಾಳಿಯಲ್ಲಿ ಮಂಡಿ ಮೇಲೆಳೆದುಕೊಂಡರೆ ಇನ್ನಷ್ಟು ಎತ್ತರ" ಎಂಬ ವಾಕ್ಯ ತೆಗೆಯಲೇಬೇಕು. ನೆಲ ಬಿಟ್ಟ ಮೇಲೆ ದೇಹದ ದ್ರವ್ಯಕೇಂದ್ರ, ಅಂದರೆ ಇಡೀ ದೇಹದ ತೂಕದ ನಡುಬಿಂದು, ಎಲ್ಲಿಯವರೆಗೆ ಹೋಗುತ್ತದೆ ಎಂಬುದು ತೀರ್ಮಾನವಾಗಿರುತ್ತದೆ. ಸೆಕೆಂಡಿಗೆ 2.8 ಮೀಟರ್ ವೇಗದಲ್ಲಿ ಹೊರಟರೆ ಅದು 40 ಸೆಂ.ಮೀ. ಏರುತ್ತದೆ, ಅಷ್ಟೇ. ಪಾದ ಎಳೆದುಕೊಂಡರೆ ಪಾದ ಮೇಲೇರುತ್ತದೆ, ಅದಕ್ಕೆ ಪ್ರತಿಯಾಗಿ ತಲೆ ಮತ್ತು ಮುಂಡ ಸ್ವಲ್ಪ ತಗ್ಗುತ್ತವೆ. ಗಾಳಿಯಲ್ಲಿದ್ದ ಸಮಯದಿಂದ ಎತ್ತರ ಲೆಕ್ಕ ಹಾಕುವವರಿಗೆ ಇದು ಬೇಕಾದ ವಿಷಯ. 40 ಸೆಂ.ಮೀ. ಜಿಗಿತಕ್ಕೆ ಸುಮಾರು 0.57 ಸೆಕೆಂಡು. ಮಂಡಿ ಮಡಚಿ ಇಳಿದರೆ ಸಮಯ ಉದ್ದವಾಗಿ, ಲೆಕ್ಕದಲ್ಲಿ ಇಲ್ಲದ ಎತ್ತರ ಬರುತ್ತದೆ.

ಫೋರ್ಸ್ ಪ್ಲೇಟಿನ (ನೆಲದ ಮೇಲಿನ ಬಲ ಅಳೆಯುವ ಫಲಕ) ಗ್ರಾಫ್ ಹಾಕಿ ಸುಮ್ನೆ ಬಿಟ್ಟಿದ್ದೀರಿ. ಅದನ್ನು ಓದಿ ಹೇಳಿ. ಬಗ್ಗಲು ಶುರುಮಾಡಿದಾಗ ನೆಲದ ಮೇಲಿನ ಬಲ ದೇಹದ ತೂಕಕ್ಕಿಂತ ಕೆಳಗಿಳಿಯುತ್ತದೆ, ತಳದ ಹತ್ತಿರ ತೂಕದ ಎರಡು ಪಟ್ಟು ದಾಟಬಹುದು, ನೆಲ ಬಿಡುವಾಗ ಸೊನ್ನೆ. ಜಿಗಿತ ಶುರುವಾಗುವುದು ತಳ್ಳುವುದರಿಂದಲ್ಲ, ಬಿಗಿ ಸಡಿಲಿಸುವುದರಿಂದ.

ಕೈಗಳನ್ನು ಪೂರ್ತಿ ಬಿಟ್ಟಿದ್ದೀರಿ, ವಿಷಯ ಕಾಲಿನದೆಂದು. ಕೈ ಬೀಸುವುದು ಕಾಲಿನ ಮೇಲೂ ಪರಿಣಾಮ ಮಾಡುತ್ತದೆ. ಕೈ ಮೇಲಕ್ಕೆ ಹೊರಟಾಗ ಮುಂಡ ಕೆಳಕ್ಕೆ ಒತ್ತಲ್ಪಡುತ್ತದೆ, ಸೊಂಟ ಮತ್ತು ಮಂಡಿ ನಿಧಾನವಾಗಿ ಬಿಚ್ಚುತ್ತವೆ. ನಿಧಾನವಾಗಿ ಕುಗ್ಗುವ ಸ್ನಾಯು ಹೆಚ್ಚು ಬಲ ಕೊಡುತ್ತದೆ. ನಾಲ್ಕು ಸಾಲು ಸೇರಿಸಿ. ಅಮೆರಿಕದ ದೈಹಿಕ ಶಿಕ್ಷಣ ತಜ್ಞ ಡಡ್ಲಿ ಸಾರ್ಜೆಂಟ್ 1921ರಲ್ಲಿ ಜಿಗಿತವನ್ನು ದೈಹಿಕ ಪರೀಕ್ಷೆಯಾಗಿ ಮುಂದಿಟ್ಟದ್ದಕ್ಕೆ ಒಂದು ಸಾಲು ಸಾಕು, ಅರ್ಧ ಪುಟ ಬೇಡ.

"ಕಾಲಿನ ಸ್ನಾಯು ಬಲಪಡಿಸಿದರೆ ಎತ್ತರ ತಾನಾಗಿ ಬರುತ್ತದೆ" ಎಂದು ಮುಗಿಸಿದ್ದೀರಿ. ಬಾಬರ್ಟ್ ಮತ್ತು ಫಾನ್ ಸೂಸ್ಟ್ 1994ರಲ್ಲಿ ಕಂಪ್ಯೂಟರ್ ಮಾದರಿಯೊಂದರಲ್ಲಿ ಸ್ನಾಯುಗಳ ಬಲ ಹೆಚ್ಚಿಸಿ, ಅವು ಕೆಲಸಕ್ಕೆ ಇಳಿಯುವ ಹೊತ್ತನ್ನು ಮೊದಲಿನಂತೆಯೇ ಬಿಟ್ಟು ನೋಡಿದರು. ಜಿಗಿತದ ಎತ್ತರ ಕಡಿಮೆಯಾಯಿತು. ಹೊಸ ಬಲಕ್ಕೆ ತಕ್ಕಂತೆ ಹೊತ್ತನ್ನು ಮತ್ತೆ ಹೊಂದಿಸಿದ ಮೇಲೆಯೇ ಎತ್ತರ ಹೆಚ್ಚಿತು. ವ್ಯಾಯಾಮದ ಜೊತೆಗೆ ಜಿಗಿಯುವ ಅಭ್ಯಾಸವನ್ನೂ ಬಿಡಬಾರದು ಎಂಬ ಸಲಹೆ ಇಲ್ಲಿಂದ ಹುಟ್ಟುತ್ತದೆ. ನಿಮ್ಮ ಓದುಗರಲ್ಲಿ ಆಟಗಾರರಿದ್ದರೆ ಅವರಿಗೆ ಇದಕ್ಕಿಂತ ಉಪಯೋಗದ ಮಾತು ಲೇಖನದಲ್ಲಿ ಬೇರೆ ಇಲ್ಲ. ಕೊನೆಯ ಭಾಗವನ್ನು ಇದರ ಸುತ್ತ ಹೊಸದಾಗಿ ಬರೆಯಿರಿ.

ಇಳಿಯುವಾಗ ಮಂಡಿ ಒಳಕ್ಕೆ ವಾಲುವುದು, ಮೂಳೆಗೆ ಮೂಳೆ ಕಟ್ಟುವ ಅಸ್ಥಿರಜ್ಜು ಹರಿಯುವುದು, ಇವನ್ನು ಇಲ್ಲಿ ತುರುಕಬೇಡಿ. ಅದು ಬೇರೆಯೇ ಲೇಖನ, ಅದನ್ನೂ ನೀವೇ ಬರೆದರೆ ನನಗೆ ಸಂತೋಷ. ಮೊದಲು ಇದನ್ನು ತಿದ್ದಿ ಕಳಿಸಿ. ಸ್ನಾಯುಗಳ ಪಟ್ಟಿಯ ಎರಡು ಪುಟ ತೆಗೆದರೆ ಮೇಲೆ ಹೇಳಿದ್ದಕ್ಕೆಲ್ಲ ಜಾಗ ಸಿಗುತ್ತದೆ.

ವಿಶ್ವಾಸದಿಂದ,
ಸಂಪಾದಕ