ನಿಮ್ಮ ‘ಟ್ರೆಸ್‌ಪಾಸ್’ ಲೇಖನ ಓದಿದೆ, ಸ್ವಲ್ಪ ಖಾರವಾಗೇ ಹೇಳ್ತೀನಿ

ನಮಸ್ಕಾರ,

ನೀವು ಕಳಿಸಿದ ‘ಟ್ರೆಸ್‌ಪಾಸ್: ಅರ್ಥ ಮತ್ತು ಬಳಕೆ’ ಪೂರ್ತಿ ಓದಿದೆ. ಈಗಿರೋ ಹಾಗೆ ಹಾಕೋಕಾಗಲ್ಲ. ಆದ್ರೆ ಬಿಸಾಕೋ ಲೇಖನಾನೂ ಅಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲ್ನೇ ಪುಟ ಬರೀ ಡಿಕ್ಷನರಿ. ನಾಮಪದ, ಕ್ರಿಯಾಪದ, ಉಚ್ಚಾರಣೆ... ಇದೆಲ್ಲ ಫೋನಲ್ಲೇ ಸಿಗತ್ತೆ, ಅದಕ್ಕೋಸ್ಕರ ನಿಮ್ಮ ಲೇಖನ ಯಾರೂ ಓದಲ್ಲ, ತೆಗೀರಿ. ಆಮೇಲೆ ‘ಟ್ರೆಸ್‌ಪಾಸ್’ ಅನ್ನೋ ಇಂಗ್ಲಿಷ್ ಪದ ಎಲ್ಲೇ ಬರಲಿ, ಎಲ್ಲಾ ಉದಾಹರಣೆಗೂ ‘ಅತಿಕ್ರಮ ಪ್ರವೇಶ’ ಅಂತ ಒಂದೇ ಮೊಹರು ಒತ್ತಿದೀರಿ. ಗೇಟಿನ ಬೋರ್ಡಿಗೆ ಅದು ಸರಿ, ಒಪ್ತೀನಿ. ಆದ್ರೆ ‘ನಿಮ್ಮ ಸಮಯದ ಮೇಲೆ ಅತಿಕ್ರಮ ಪ್ರವೇಶ ಮಾಡಲು ನನಗೆ ಇಷ್ಟವಿಲ್ಲ’ ಅಂತ ಯಾರ್ರೀ ಮಾತಾಡ್ತಾರೆ? ‘ನಿಮ್ ಟೈಮ್ ಜಾಸ್ತಿ ತಗೊಳ್ಳಲ್ಲ ಸಾರ್’ ಅಂತೀವಿ, ಮುಗೀತು. ಕಾರ್ಗಿಲ್ ಟೈಮಲ್ಲಿ ಗಡಿ ದಾಟಿ ಬಂದೋರನ್ನ ನಮ್ಮ ಪೇಪರ್‌ಗಳು ‘ನುಸುಳುಕೋರರು’ ಅಂದ್ವು, ಬೇರೆಯೋರ ಸಂಸಾರದ ವಿಷಯಕ್ಕೆ ಬರೋನು ‘ಮೂಗು ತೂರಿಸ್ತಾನೆ’, ರಾಜಕಾಲುವೆ ಮೇಲೆ ಮನೆ ಎದ್ರೆ ಅದು ‘ಒತ್ತುವರಿ’. ಬೇಲಿ ಹಾರಿ ಬಂದ್ರೆ ಒಂದು ಮಾತು, ಬೇಲೀನೇ ಸರಿಸಿದ್ರೆ ಇನ್ನೊಂದು ಮಾತು, ನೀವು ಎರಡನ್ನೂ ಕಲಸಿಬಿಟ್ಟಿದೀರಿ.

ಈಗ ಕಾನೂನಿನ ಭಾಗ, ಇಲ್ಲೇ ನಂಗೆ ತಲೆಬಿಸಿ ಆಗಿದ್ದು. ‘ಐಪಿಸಿ 447, ಮೂರು ತಿಂಗಳು ಜೈಲು, 500 ರೂಪಾಯಿ ದಂಡ’ ಅಂತ ಇವತ್ತಿನ ಕಾನೂನು ಅನ್ನೋ ಥರ ಬರ್ದಿದೀರಿ. 2024ರ ಜುಲೈ 1ರಿಂದ ಐಪಿಸಿ, ಅಂದ್ರೆ ಹಳೇ ಭಾರತೀಯ ದಂಡ ಸಂಹಿತೆ, ಹೋಗಿ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಈಗ ಅದು ಸೆಕ್ಷನ್ 329. ಮೂರು ತಿಂಗಳು ಹಾಗೇ ಇದೆ, ದಂಡ 5000ದವರೆಗೆ ಏರಿದೆ, ಮನೆಯೊಳಗೇ ನುಗ್ಗಿದ್ರೆ ಒಂದು ವರ್ಷದವರೆಗೆ ಜೈಲು. ಅದಕ್ಕಿಂತ ದೊಡ್ಡ ತಪ್ಪು, ‘ಪರ್ಮಿಷನ್ ಇಲ್ದೆ ಕಾಲಿಟ್ರೆ ಸಾಕು, ಕ್ರಿಮಿನಲ್ ಕೇಸ್’ ಅಂದಿರೋದು. ಹಾಗಿಲ್ಲ. ಅಪರಾಧ ಮಾಡೋ ಉದ್ದೇಶ ಇರಬೇಕು, ಇಲ್ಲಾಂದ್ರೆ ಜಾಗ ಯಾರ ಸ್ವಾಧೀನದಲ್ಲಿದೆಯೋ ಅವರನ್ನ ಹೆದರಿಸೋ, ಅವಮಾನ ಮಾಡೋ, ಕಿರಿಕಿರಿ ಕೊಡೋ ಉದ್ದೇಶ ಇರಬೇಕು. ಚೆಂಡು ಎತ್ಕೊಳಕ್ಕೆ ಕಾಂಪೌಂಡ್ ಹಾರಿದ ಹುಡುಗನ ಮೇಲೆ ಈ ಸೆಕ್ಷನ್ ನಿಲ್ಲೋದು ಕಷ್ಟ. ಇನ್ನೊಂದು ಕಡೆ, ಬಾಗಿಲು ತೆಗೆದು ಒಳಗೆ ಕರೆಸ್ಕೊಂಡೋನೇ ‘ಹೋಗಪ್ಪ’ ಅಂದ್ಮೇಲೂ ಅದೇ ಕೆಟ್ಟ ಉದ್ದೇಶ ಇಟ್ಕೊಂಡು ಅಲ್ಲೇ ಕೂತ್ರೆ ಅವನ ಮೇಲೆ ಕೇಸ್ ಆಗಬಹುದು. ಓದೋರಿಗೆ ಗೊತ್ತಿಲ್ದೇ ಇರೋದು ಇದು, ಇದನ್ನ ಬಿಟ್ಟು ಉಚ್ಚಾರಣೆಗೆ ಅರ್ಧ ಪುಟ ಕೊಟ್ಟಿದೀರಲ್ಲ!

ನಿಮ್ಮೂರಿನ ಜನ ಗದ್ದೆಗೆ ಹೋಗಕ್ಕೆ ರೈಲು ಹಳಿ ದಾಟೋ ಪ್ಯಾರಾ ಇದೆ ನೋಡಿ, ಅದು ಚೆನ್ನಾಗಿದೆ. ಆದ್ರೆ ಹಳೀದು ಬೇರೆ ಕಾನೂನು, 1989ರ ರೈಲ್ವೆ ಕಾಯ್ದೆ ಸೆಕ್ಷನ್ 147, ಅಲ್ಲಿ ಕೆಟ್ಟ ಉದ್ದೇಶ ಇತ್ತಾ ಅಂತ ಕೇಳಲ್ಲ, ಅಧಿಕಾರ ಇಲ್ದೆ ರೈಲ್ವೆ ಜಾಗಕ್ಕೆ ಕಾಲಿಟ್ರೇ ತಪ್ಪು. ಮನೆ ಕಾಂಪೌಂಡಿಗೊಂದು ನ್ಯಾಯ, ಹಳಿಗೊಂದು ನ್ಯಾಯ ಅನ್ನೋದನ್ನ ಎದುರುಬದುರು ಇಟ್ಟು ಬರೆದ್ರೆ ಲೇಖನಕ್ಕೆ ಜೀವ ಬರತ್ತೆ.

ಪದದ ಹುಟ್ಟಿನ ಬಗ್ಗೆ ಒಂದೇ ಸಾಲು ಇದೆ, ಅದನ್ನ ಸ್ವಲ್ಪ ಬೆಳೆಸಿ. ಹಳೇ ಫ್ರೆಂಚ್‌ನಿಂದ ಬಂದ ಮಾತು, ‘ದಾಟಿ ಹೋಗು’ ಅಂತ ಅರ್ಥ, ನಮ್ಮ ಅತಿಕ್ರಮ ಅನ್ನೋದೂ ಅದೇ ತಾನೇ. ಇಂಗ್ಲಿಷಲ್ಲಿ ಮೊದಲು ಇದ್ದಿದ್ದು ‘ಪಾಪ’, ‘ತಪ್ಪು’ ಅನ್ನೋ ಅರ್ಥ, ಜಾಗಕ್ಕೆ ನುಗ್ಗೋ ಅರ್ಥ ಆಮೇಲಿನದು. ಚರ್ಚಲ್ಲಿ ಹೇಳೋ ಹಳೇ ಇಂಗ್ಲಿಷ್ ಪ್ರಾರ್ಥನೇಲಿ ‘ನಮ್ಮ ಟ್ರೆಸ್‌ಪಾಸ್‌ಗಳನ್ನ ಕ್ಷಮಿಸು’ ಅಂತ ಬರೋದು ಅದಕ್ಕೇ, ದೇವರ ಕಾಂಪೌಂಡ್ ಹಾರಿದ್ದಕ್ಕಲ್ಲ :)

ಹಳಿ ಪ್ಯಾರಾದಿಂದಾನೇ ಶುರು ಮಾಡಿ, ಸೆಕ್ಷನ್ ನಂಬರ್‌ಗಳನ್ನ ಪರಿಚಯದ ವಕೀಲರಿಗೆ ಒಂದ್ಸಲ ತೋರಿಸಿ, ಎರಡು ಪುಟ ಮೀರದ ಹಾಗೆ ತಿದ್ದಿ ಕಳಿಸಿ. ಕೊನೇಲಿರೋ ‘ಆದ್ದರಿಂದ ನಾವೆಲ್ಲರೂ ಅರಿತು ಬಾಳೋಣ’ ಪ್ಯಾರಾ ಬೇಡವೇ ಬೇಡ.